ಓದುಗರ ಪ್ರಶ್ನೆ: ಹೆರಿಗೆ ಕೋಣೆಯಲ್ಲಿ ಜತೆಗಿರುವವರ ಕೆಲಸವೇನು?

ಹೆರಿಗೆಯ ಹೊತ್ತಿನಲ್ಲಿ ಜತೆಗಿರುವ ‘ಡೂಲಾ’ ಬಗ್ಗೆ, ಆ ಜಾಗದಲ್ಲಿ ನಿಲ್ಲುವ ಅಮ್ಮ, ಅಕ್ಕ, ಗಂಡನ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನಗೀಗ ಏಳನೇ ತಿಂಗಳು. ಬೆಂಗಳೂರಿನ ನಾದಿನಿ, ‘ಡೂಲಾ ಇಟ್ಟುಕೊಳ್ಳಿ ಅತ್ತಿಗೆ, ನಾರ್ಮಲ್ ಆಗುತ್ತೆ’ ಅನ್ನುತ್ತಾಳೆ. ಅತ್ತೆಯವರು, ‘ಅಂದರೆ ಸೂಲಗಿತ್ತಿ ತಾನೇ, ಅದಕ್ಯಾಕೆ ಅಷ್ಟು ದುಡ್ಡು’ ಅನ್ನುತ್ತಾರೆ. ಯಾರ ಮಾತು ಸರಿ?
— ದಾವಣಗೆರೆಯ ಓದುಗರು

ಉತ್ತರ: ಇಬ್ಬರ ಮಾತೂ ಪೂರ್ತಿ ಸರಿಯಲ್ಲ. ಸೂಲಗಿತ್ತಿ ಹೆರಿಗೆ ಮಾಡಿಸುವಾಕೆ. ಮಗು ಹಿಡಿಯುತ್ತಾಳೆ, ಹೊಕ್ಕುಳಬಳ್ಳಿ ಕತ್ತರಿಸುತ್ತಾಳೆ, ಕಸ (ಮಾಸು, ಅಂದರೆ ಪ್ಲಾಸೆಂಟಾ) ಬೀಳುವ ತನಕ ಕಾಯುತ್ತಾಳೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಆ ಕೆಲಸಕ್ಕೆ. ಡೂಲಾ ಇದರಲ್ಲಿ ಒಂದನ್ನೂ ಮಾಡುವುದಿಲ್ಲ. ಆಕೆ ಒಳಪರೀಕ್ಷೆ ಮಾಡುವಂತಿಲ್ಲ, ಔಷಧಿ ಕೊಡುವಂತಿಲ್ಲ, ಮಗುವಿನ ಎದೆಬಡಿತ ಕೇಳಿ ತೀರ್ಪು ಹೇಳುವಂತಿಲ್ಲ. ನೋವು ಶುರುವಾದಾಗಿನಿಂದ ಮಗು ಎದೆಗೆ ಬರುವ ತನಕ ಪಕ್ಕ ಬಿಟ್ಟು ಕದಲದಿರುವುದೇ ಆಕೆಯ ಕೆಲಸ. ಕೇಳುವುದಕ್ಕೆ ಇದೇನು ಮಹಾ ಅನ್ನಿಸಬಹುದು. ಆದರೆ ಲೇಬರ್ ವಾರ್ಡಿನಲ್ಲಿ ಆ ಕೆಲಸಕ್ಕೆಂದು ಬೇರೆ ಯಾರೂ ಇರುವುದಿಲ್ಲ. ಡಾಕ್ಟರು ಬಂದು ನೋಡಿ ಹೋಗುತ್ತಾರೆ, ಸಿಸ್ಟರ್ ಒಬ್ಬರಿಗೆ ನಾಲ್ಕಾರು ಹಾಸಿಗೆ, ಶಿಫ್ಟ್ ಮುಗಿದರೆ ಮುಖವೇ ಬದಲು.

ಡೂಲಾ ಎಂಬುದು ಗ್ರೀಕ್ ಮೂಲದ ಪದ, ಸೇವೆಗೆ ನಿಂತ ಹೆಂಗಸು ಎಂಬರ್ಥ. ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಫೇಲ್ 1970ರ ದಶಕದಲ್ಲಿ ಅದನ್ನು ಬಳಕೆಗೆ ತಂದಾಗ ಅವರ ಮನಸ್ಸಿನಲ್ಲಿದ್ದದ್ದು ಹೆರಿಗೆಯಾದ ಮೇಲೆ ತಾಯಿಗೆ ಹಾಲೂಡಿಸಲು ನೆರವಾಗುವವಳು. ನಮ್ಮ ಬಾಣಂತನದ ಅಜ್ಜಿ ಅನ್ನಿ. ಹೆರಿಗೆ ಕೋಣೆಗೆ ಆ ಹೆಸರು ಕಾಲಿಟ್ಟದ್ದು ಆಮೇಲೆ.

‘ನಾರ್ಮಲ್ ಆಗುತ್ತೆ’ ಎಂಬ ಮಾತಿಗೆ ಬರೋಣ. ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2017ರಲ್ಲಿ 17 ದೇಶಗಳ, 15 ಸಾವಿರಕ್ಕೂ ಹೆಚ್ಚು ತಾಯಂದಿರ ಮಾಹಿತಿಯಿರುವ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಬಿಡದೆ ಜತೆಗೊಬ್ಬರಿದ್ದವರಲ್ಲಿ ಸಿಸೇರಿಯನ್ ಸುಮಾರು ಕಾಲುಭಾಗ ಕಡಿಮೆ. ನೋವಿನ ಅವಧಿ ಸರಾಸರಿ 40 ನಿಮಿಷ ಕಡಿಮೆ. ಆಸ್ಪತ್ರೆಯವರೂ ಅಲ್ಲದ, ಮನೆಯವರೂ ಅಲ್ಲದ ಡೂಲಾ ಥರದವರು ಇದ್ದಾಗ ಸಿಸೇರಿಯನ್ ಇನ್ನಷ್ಟು ಇಳಿದಿತ್ತು. ಕಾರಣ ಊಹಿಸಲಾಗದ್ದೇನಲ್ಲ. ಹೆದರಿದ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಗರ್ಭಕೋಶವನ್ನು ಹಿಂಡುವ ಆಕ್ಸಿಟೋಸಿನ್ ಹಿಂದೆ ಸರಿಯುತ್ತದೆ, ನೋವು ಇದ್ದರೂ ಗರ್ಭದ ಬಾಯಿ ತೆರೆಯುವುದಿಲ್ಲ. ಹಾಗಂತ ಇದು ನಾರ್ಮಲ್ ಹೆರಿಗೆಯ ಗ್ಯಾರಂಟಿ ಕಾರ್ಡಲ್ಲ. ಮಗು ಅಡ್ಡ ಮಲಗಿದ್ದರೆ, ಕಸ ಗರ್ಭದ ಬಾಯಿಗೆ ಅಡ್ಡ ಕೂತಿದ್ದರೆ ಯಾವ ಡೂಲಾ ಬಂದರೂ ಆಪರೇಷನ್ನೇ ಗತಿ. ‘ನೂರಕ್ಕೆ ನೂರು ನಾರ್ಮಲ್ ಮಾಡಿಸ್ತೀನಿ’ ಎನ್ನುವ ಡೂಲಾಗೆ ಅಲ್ಲೇ ಕೈಮುಗಿದು ಬಿಡಿ.

ಪ್ರಶ್ನೆ: ಮಗಳಿಗೆ ಚೊಚ್ಚಲ ಹೆರಿಗೆ, ತವರಿಗೆ ಬಂದಿದ್ದಾಳೆ. ನಮ್ಮದು ತಾಲ್ಲೂಕು ಆಸ್ಪತ್ರೆ. ಡೂಲಾ ಗೀಲಾ ನಮಗೆ ಎಟುಕದು. ನನ್ನನ್ನೇ ಒಳಗೆ ಬಿಡುತ್ತಾರಾ? ಬಿಟ್ಟರೆ ನಾನೇನು ಮಾಡಬೇಕು?
— ಶಿರಾದ ಓದುಗರು

ಉತ್ತರ: ಬಿಡಬೇಕು ತಾಯಿ. ಹೆರಿಗೆ ಕೋಣೆಯಲ್ಲಿ ಜತೆಗೊಬ್ಬರಿಗೆ ಅವಕಾಶ ಕೊಡಿ ಎಂದು ಕೇಂದ್ರ ಆರೋಗ್ಯ ಇಲಾಖೆ ಸರ್ಕಾರಿ ಆಸ್ಪತ್ರೆಗಳಿಗೆ 2016ರಲ್ಲೇ ಹೇಳಿದೆ. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲೆಂದು 2017ರ ಕೊನೆಯಲ್ಲಿ ಬಂದ ‘ಲಕ್ಷ್ಯ’ ಕಾರ್ಯಕ್ರಮದಲ್ಲೂ ಅದಿದೆ. ಷರತ್ತುಗಳು ಸರಳ: ತಾನೂ ಹೆತ್ತವಳಾಗಿರಬೇಕು, ಅಂಟುರೋಗ ಇರಬಾರದು, ಶುಚಿಯಾದ ಬಟ್ಟೆ, ಕೊನೆಯ ತನಕ ಇರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು, ಪಕ್ಕದ ಹಾಸಿಗೆಯವರ ಸಮಾಚಾರಕ್ಕೆ ಹೋಗಬಾರದು. ನೋವು ಬಂದ ರಾತ್ರಿ ಬಾಗಿಲಲ್ಲಿ ನಿಂತು ಜಗಳ ಆಡುವ ಬದಲು ಒಂಬತ್ತನೇ ತಿಂಗಳ ಚೆಕಪ್‌ಗೆ ಹೋದಾಗಲೇ ಆಶಾ ಕಾರ್ಯಕರ್ತೆಯನ್ನು ಜತೆಗೆ ಕರೆದುಕೊಂಡು ಲೇಬರ್ ವಾರ್ಡಿನ ಸಿಸ್ಟರನ್ನು ಕೇಳಿಟ್ಟುಕೊಳ್ಳಿ. ಹೆಸರು ಒಬ್ಬರದೇ ಕೊಡಿ. ಅತ್ತೆ, ಚಿಕ್ಕಮ್ಮ, ಅಕ್ಕ ಎಂದು ಮೂವರು ನುಗ್ಗಿದರೆ ಮೂವರೂ ಹೊರಗೆ.

ಆಸ್ಪತ್ರೆಗೆ ಯಾವಾಗ ಹೊರಡಬೇಕು ಎಂಬಲ್ಲೇ ಹೆಚ್ಚಿನವರು ಎಡವುವುದು. ಚೊಚ್ಚಲದವರಿಗೆ ಗರ್ಭದ ಬಾಯಿ 5 ಸೆಂಟಿಮೀಟರ್ ತೆರೆಯುವ ತನಕ ಅರ್ಧ ದಿನ, ಒಂದು ದಿನ ಹಿಡಿದರೂ ಹೊಸದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಿಂದ ನಿಜವಾದ ಹೆರಿಗೆ ನೋವನ್ನು ಎಣಿಸುವುದೇ ಆ 5 ಸೆಂಟಿಮೀಟರಿನಿಂದ. 2 ಸೆಂಟಿಮೀಟರಿಗೇ ಹೋಗಿ ಮಲಗಿದರೆ ಹಸಿವು, ನಿದ್ದೆಗೇಡು, ‘ಇನ್ನೂ ಆಗಿಲ್ವಾ’ ಎಂಬ ಗಾಬರಿ, ಕೊನೆಗೆ ಬೇಡದ ಡ್ರಿಪ್. ಆಸ್ಪತ್ರೆ ಹತ್ತಿರವಿದ್ದರೆ ಲೆಕ್ಕ ಹೀಗೆ: ಐದು ನಿಮಿಷಕ್ಕೊಮ್ಮೆ ನೋವು, ಪ್ರತಿ ನೋವೂ ಸುಮಾರು ಒಂದು ನಿಮಿಷ, ಹೀಗೆ ಒಂದು ತಾಸು ನಡೆದರೆ ಹೊರಡಿ. ಮೊಬೈಲಿನಲ್ಲಿ ಹೊತ್ತು ನೋಡಿ ಬರೆದಿಡಿ, ಅಂದಾಜು ಬೇಡ. ಮಲೆನಾಡಿನ ಘಾಟಿ ದಾರಿಯಾದರೆ ಅಷ್ಟು ಕಾಯಬೇಡಿ, ಮೊದಲೇ 108ಕ್ಕೆ ಹೇಳಿ.

ಈ ಲೆಕ್ಕವನ್ನೆಲ್ಲ ಬಿಟ್ಟು ಆ ಕ್ಷಣವೇ ಓಡಬೇಕಾದ ಸಂದರ್ಭಗಳೂ ಇವೆ. ನೀರು ಒಡೆದಾಗ (ಹೊತ್ತು ಮತ್ತು ಬಣ್ಣ ನೆನಪಿಡಿ, ಹಸಿರು ಬಣ್ಣವಿದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ), ಲೋಳೆಗೆ ಹತ್ತಿದ ಗೆರೆಯಷ್ಟಲ್ಲದೆ ಹರಿಯುವ ಹಾಗೆ ರಕ್ತ ಬಂದಾಗ, ಮಗುವಿನ ಒದೆತ ಕಡಿಮೆಯಾದಾಗ, ತಲೆ ಸಿಡಿದು ಕಣ್ಣು ಮಂಜಾದಾಗ, 37 ವಾರ ತುಂಬುವ ಮೊದಲೇ ನೋವು ಬಂದಾಗ.

ಒಳಗೆ ಹೋದ ಮೇಲೆ ನಿಮ್ಮ ಕೈಗೆ ಸಿಗುವ ಮುಖ್ಯ ಕೆಲಸ ಸೊಂಟದ್ದು. ಮಗಳನ್ನು ಅಂಗಾತ ಮಲಗಿಸಬೇಡಿ. ಮಂಚದ ಅಂಚಿಗೋ ಗೋಡೆಗೋ ಕೈಕೊಟ್ಟು ಮುಂದಕ್ಕೆ ಬಾಗಿ ನಿಲ್ಲಲಿ. ಸೊಂಟದ ಕೆಳಗೆ, ಬೆನ್ನು ಮುಗಿಯುವಲ್ಲಿ ಎಡಬಲಕ್ಕೆ ಎರಡು ಸಣ್ಣ ಗುಳಿ ಕಾಣುತ್ತವೆ. ಅವುಗಳ ನಡುವಿನಿಂದ ಎರಡು ಬೆರಳು ಕೆಳಗಿರುವ ಚಪ್ಪಟೆ ಮೂಳೆಯೇ ಜಾಗ. ಅಂಗೈಯ ಬುಡವನ್ನು ಅಲ್ಲಿಟ್ಟು, ಮೊಣಕೈ ನೆಟ್ಟಗೆ ಮಾಡಿ, ನಿಮ್ಮ ಮೈಭಾರವನ್ನೇ ಅದರ ಮೇಲೆ ಬಿಡಿ. ತೋಳಿನ ಬಲದಲ್ಲಿ ಒತ್ತಿದರೆ ಹತ್ತು ನೋವಿಗೇ ನಿಮಗೆ ಸುಸ್ತು. ನೋವು ಏರುವ ಮೊದಲೇ ಕೈ ಇಡಬೇಕು, ಪೂರ್ತಿ ಇಳಿದ ಮೇಲೆ ನಿಧಾನಕ್ಕೆ ತೆಗೆಯಬೇಕು. ಅದಕ್ಕಿಂತ ಮೇಲೆ, ಬೆನ್ನಿನ ಗಂಟುಗಳ ಮೇಲೆ ಒತ್ತಿದರೆ ಉಪಕಾರವಿಲ್ಲ, ನೋವೇ ಹೆಚ್ಚು. ಉಜ್ಜುವುದಾದರೆ ಕೈಗೆ ಒಂದು ಹನಿ ಕೊಬ್ಬರಿ ಎಣ್ಣೆ ಇರಲಿ, ಇಲ್ಲದಿದ್ದರೆ ಎರಡು ತಾಸಿನಲ್ಲಿ ಚರ್ಮ ಕಿತ್ತು ಉರಿಯುತ್ತದೆ. ನೋವೆಲ್ಲ ಬೆನ್ನಿಗೇ ಬಡಿಯುತ್ತಿದ್ದರೆ ಹಲವು ಸಲ ಮಗುವಿನ ಹಿಂದಲೆ ತಾಯಿಯ ಬೆನ್ನಿನ ಕಡೆಗಿದೆ ಎಂದರ್ಥ. ಆಗ ಮಂಡಿಯೂರಿ, ಕೈಯೂರಿ, ಅಂಬೆಗಾಲಿನ ಭಂಗಿಯಲ್ಲಿ ಸ್ವಲ್ಪ ಹೊತ್ತು ಇರಲಿ. ನೀವು ಹಿಂದೆ ನಿಂತು ಎರಡೂ ಪೃಷ್ಠಗಳ ಹೊರಬದಿಗೆ ಅಂಗೈ ಇಟ್ಟು ಒಳಕ್ಕೂ ಮೇಲಕ್ಕೂ ಅಮುಕಿ ಹಿಡಿಯಿರಿ. ಬೆನ್ನಿಗೆ ಬಿಡುವು ಸಿಗುತ್ತದೆ.

ನೋವಿನ ನಡುವೆ ಒಂದೊಂದು ಗುಟುಕು ನೀರು, ಎಳನೀರು ಅಥವಾ ಗಂಜಿ ತಿಳಿ. ಏನೂ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರೆ ಮಾತ್ರ ಬೇಡ. ಎರಡು ತಾಸಿಗೊಮ್ಮೆ ಮೂತ್ರಕ್ಕೆ ಕಳಿಸಿ. ನೋವಿನಲ್ಲಿ ಅದರ ಅರಿವೇ ಆಗುವುದಿಲ್ಲ, ತುಂಬಿದ ಮೂತ್ರಕೋಶ ಮಗುವಿನ ತಲೆ ಇಳಿಯುವುದಕ್ಕೇ ಅಡ್ಡಿ. ಉಸಿರು ಮೂಗಿನಲ್ಲಿ ಎಳೆದು ಬಾಯಲ್ಲಿ ಉದ್ದಕ್ಕೆ ಬಿಡಲಿ. ಕೈಬೆರಳು ಜುಮುಜುಮು ಅಂದರೆ, ತಲೆ ಸುತ್ತಿದರೆ ಉಸಿರಿನ ವೇಗ ಹೆಚ್ಚಾಯಿತು ಎಂದು ತಿಳಿದು ನೀವೇ ಅವಳ ಕಣ್ಣು ನೋಡುತ್ತ ನಿಧಾನಕ್ಕೆ ಉಸಿರಾಡಿ ತೋರಿಸಿ. ಕೂಗಬೇಡ ಎಂದು ಗದರಬೇಡಿ. ಕೀರಲು ಕಿರುಚಾಟ ಗಂಟಲು, ಭುಜ ಬಿಗಿಸುತ್ತದೆ. ಬೀಸುವ ಕಲ್ಲಿನ ಮುಂದೆ ಕೂತವರ ಹಾಗೆ ತಗ್ಗಿನ ದನಿಯಲ್ಲಿ ನರಳಿದರೆ ಮೈ ಸಡಿಲವಾಗುತ್ತದೆ.

ಕೊನೆಕೊನೆಗೆ ಮೈ ನಡುಗಿ, ವಾಂತಿ ಬಂದು, ‘ನನ್ನ ಕೈಲಾಗಲ್ಲಮ್ಮ, ಕೊಯ್ದು ತೆಗೆಸಿಬಿಡು’ ಎನ್ನುವ ಗಳಿಗೆ ಬರುತ್ತದೆ. ಅಮ್ಮಂದಿರು ಕಣ್ಣೀರು ಹಾಕಿಕೊಂಡು ಹೊರಗೋಡುವುದು ಆಗಲೇ. ಸಾಮಾನ್ಯವಾಗಿ ಅದು ಗರ್ಭದ ಬಾಯಿ ಪೂರ್ತಿ ತೆರೆಯಲು ಬಂದಿರುವ ಸೂಚನೆ. ಸಿಸ್ಟರಿಗೆ ತಿಳಿಸಿ, ನೀವು ಅಲ್ಲೇ ಇರಿ. ಪರೀಕ್ಷೆ ಮಾಡಿ ಹೇಳುವ ಮೊದಲೇ ‘ಮುಕ್ಕು, ಮುಕ್ಕು’ ಎಂದು ನೀವಾಗಿ ಕೂಗಬೇಡಿ. ಬಾಯಿ ಪೂರ್ತಿ ತೆರೆಯದೆ ಮುಕ್ಕಿದರೆ ಅದು ಊದಿಕೊಂಡು ಇನ್ನಷ್ಟು ತಡ.

ಮೂರು ಕೆಲಸಗಳನ್ನಂತೂ ಖಂಡಿತ ಮಾಡಬೇಡಿ. ಹೊಟ್ಟೆಯನ್ನು ಮೇಲಿಂದ ಒತ್ತಬೇಡಿ. ಗರ್ಭಕೋಶಕ್ಕೂ ಮಗುವಿಗೂ ಪೆಟ್ಟಾಗಬಹುದು, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡವೆಂದೇ ಹೇಳಿದೆ. ನೋವು ಬರಲೆಂದು ಹರಳೆಣ್ಣೆ, ಕಷಾಯ ಕುಡಿಸಬೇಡಿ. ಆಸ್ಪತ್ರೆಯ ಹೊರಗೆ ಯಾರ ಕೈಯಲ್ಲೂ ‘ನೋವು ಬರೋ ಇಂಜೆಕ್ಷನ್’ ಹಾಕಿಸಬೇಡಿ. ಆ ಔಷಧಿಯನ್ನು ಡ್ರಿಪ್ಪಿನಲ್ಲಿ ಹನಿ ಎಣಿಸಿ, ಮಗುವಿನ ಎದೆಬಡಿತ ನೋಡುತ್ತ ಕೊಡಬೇಕು. ಸೂಜಿಯಲ್ಲಿ ಒಮ್ಮೆಲೇ ಚುಚ್ಚಿದರೆ ಗರ್ಭಕೋಶ ಸಡಿಲವಾಗದೆ ಬಿಗಿದು ಮಗುವಿಗೆ ಉಸಿರು ಕಟ್ಟಬಹುದು, ಗರ್ಭಕೋಶವೇ ಹರಿಯಬಹುದು.

ಚೀಲದಲ್ಲಿ ತಾಯಿ ಕಾರ್ಡ್, ಸ್ಕ್ಯಾನ್ ಮತ್ತು ರಕ್ತಪರೀಕ್ಷೆಯ ವರದಿ, ಆಧಾರ್, ಒಗೆದ ಹತ್ತಿ ಬಟ್ಟೆ ನಾಲ್ಕಾರು, ಮಗುವಿಗೆ ಟೋಪಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಊಟವೂ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಅಲ್ಲೇ.

ಪ್ರಶ್ನೆ: ಹೆಂಡತಿಯ ಹೆರಿಗೆಗೆ ನಾನೇ ಪಕ್ಕದಲ್ಲಿರಬೇಕೆಂದಿದ್ದೇನೆ. ಆದರೂ ಒಬ್ಬರು ಡೂಲಾ ಇರಲಿ ಎನ್ನುತ್ತಾಳೆ. ಹಾಗಾದರೆ ನನ್ನ ಪಾತ್ರವೇನು? ಡೂಲಾ ಆರಿಸುವಾಗ ಏನು ಕೇಳಬೇಕು?
— ಬೆಂಗಳೂರಿನ ಓದುಗರು

ಉತ್ತರ: ನಿಮ್ಮ ಪಾತ್ರ ಹಾಗೇ ಇರುತ್ತದೆ. 14 ತಾಸು ಒಬ್ಬರೇ ನಿಂತು ಸೊಂಟ ಒತ್ತಲಾಗದು. ಊಟಕ್ಕೆ, ಬಿಲ್ಲಿಂಗ್ ಕೌಂಟರಿಗೆ, ಸಹಿಗೆ ಎಂದು ನಿಮ್ಮನ್ನು ಕರೆಯುತ್ತಲೇ ಇರುತ್ತಾರೆ. ಆಗ ಅವಳ ಬಳಿ ಡೂಲಾ ಇರುತ್ತಾಳೆ. ಒಳ್ಳೆಯ ಡೂಲಾ ನಿಮ್ಮ ಕೈಯನ್ನೇ ಹಿಡಿದು ಎಲ್ಲಿ ಒತ್ತಬೇಕೆಂದು ತೋರಿಸಿ ತಾನು ಹಿಂದೆ ನಿಲ್ಲುತ್ತಾಳೆ. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ, ‘ಆಗಲಿ’, ‘ಬೇಡ’ ಎನ್ನುವ ಮಾತು ನಿಮ್ಮ ಹೆಂಡತಿಯದು, ಅವರಿಗಾಗದಿದ್ದರೆ ನಿಮ್ಮದು. ಡೂಲಾ ನಿಮ್ಮ ಪರವಾಗಿ ಡಾಕ್ಟರ ಜತೆ ವಾದಕ್ಕೆ ಇಳಿದರೆ ಕೋಣೆಯ ವಾತಾವರಣ ಕೆಡುತ್ತದೆ, ನಷ್ಟ ಬಸುರಿಗೆ. ‘ಇದು ಈಗಲೇ ಬೇಕಾ, ಒಂದು ತಾಸು ಕಾದರೆ ಏನಾಗುತ್ತದೆ ಎಂದು ಕೇಳಿ’ ಎಂದು ನಿಮ್ಮ ಕಿವಿಯಲ್ಲಿ ನೆನಪಿಸುವುದು ಮಾತ್ರ ಆಕೆಯ ಹದ್ದು.

ನಮ್ಮ ದೇಶದಲ್ಲಿ ಡೂಲಾಗಳಿಗೆ ಸರ್ಕಾರಿ ಲೈಸೆನ್ಸ್ ಇಲ್ಲ. ಕೆಲವು ದಿನಗಳ ತರಬೇತಿ ಮುಗಿಸಿದವರೂ, ನೂರು ಹೆರಿಗೆ ಕಂಡವರೂ ಒಂದೇ ಹೆಸರಿನಲ್ಲಿ ಕೆಲಸ ಮಾಡುತ್ತಾರೆ. ‘ಮಿಡ್‌ವೈಫ್ ಕೂಡ ಹೌದು’ ಎಂದರೆ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ. ಇದ್ದರೆ ಹೇಳುತ್ತಾರೆ, ಇಲ್ಲದಿದ್ದರೆ ಮಾತು ತಿರುಗಿಸುತ್ತಾರೆ. ಕೊನೆಗೆ ಸಿಸೇರಿಯನ್ ಆದ ಹೆರಿಗೆಯಲ್ಲಿ ತಾವೇನು ಮಾಡಿದಿರಿ ಎಂದು ಕೇಳಿ. ಆ ಉತ್ತರದಲ್ಲಿ ಆಸ್ಪತ್ರೆಯನ್ನು ಬೈಯುವುದೇ ತುಂಬಿದ್ದರೆ ನಮ್ಮ ಸಲಹೆ ಬೇರೆಯವರನ್ನು ನೋಡಿ ಎಂದೇ. ಕರಾರು ಬರಹದಲ್ಲಿರಲಿ: ಹೆರಿಗೆಗೆ ಮುಂಚೆ ಎಷ್ಟು ಭೇಟಿ, 38ನೇ ವಾರದಿಂದ ಎಲ್ಲಿಯ ತನಕ ಕರೆದಾಗ ಬರುತ್ತಾರೆ, ಅವರಿಗೆ ಜ್ವರ ಬಂದರೆ ಅಥವಾ ಅದೇ ದಿನ ಇನ್ನೊಂದು ಹೆರಿಗೆ ಬಿದ್ದರೆ ಬದಲಿ ಯಾರು, ಆ ಬದಲಿಯವರನ್ನು ಮೊದಲೇ ಭೇಟಿ ಮಾಡಿಸುತ್ತಾರಾ, ಹೆರಿಗೆ ಅವರು ತಲುಪುವ ಮೊದಲೇ ಆದರೆ ಎಷ್ಟು ಹಣ ವಾಪಸ್. ಇಷ್ಟೆಲ್ಲ ಆದ ಮೇಲೆ ಆಸ್ಪತ್ರೆಯನ್ನೂ ಕೇಳಿ. ಒಬ್ಬರನ್ನೇ ಬಿಡುವ ಆಸ್ಪತ್ರೆಯಾದರೆ ನೀವು ಹೊರಗೋ ಡೂಲಾ ಹೊರಗೋ ಎಂಬ ಪೇಚು ಲಿಫ್ಟಿನ ಬಾಗಿಲಲ್ಲಿ ಎದುರಾಗಬಾರದು.

ಪ್ರಶ್ನೆ: ಮೊದಲನೆಯದು ಸಿಸೇರಿಯನ್. ಈ ಸಲ ಸಹಜ ಹೆರಿಗೆಗೆ ಪ್ರಯತ್ನಿಸೋಣ, ಬೇಕಿದ್ದರೆ ಎಪಿಡ್ಯೂರಲ್ (ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಅರಿವಳಿಕೆ) ಕೊಡೋಣ ಎಂದಿದ್ದಾರೆ ಡಾಕ್ಟರು. ನೋವೇ ಇಲ್ಲದ ಮೇಲೆ ಡೂಲಾ ಯಾಕೆ?
— ಮಂಗಳೂರಿನ ಓದುಗರು

ಉತ್ತರ: ಎಪಿಡ್ಯೂರಲ್ ಹಾಕಿದ ಮೇಲೂ ಕೆಲಸವಿದೆ. ಕಾಲು ಭಾರವಾಗಿ ತಾಯಿ ತಾನೇ ಹೊರಳಲಾರಳು. ಅರ್ಧ ಗಂಟೆಗೊಮ್ಮೆ ಎಡಕ್ಕೆ, ಬಲಕ್ಕೆ ಮಗ್ಗುಲು ಬದಲಿಸಿ, ಮಂಡಿಗಳ ನಡುವೆ ದಪ್ಪ ದಿಂಬಿಟ್ಟರೆ ಮಗು ಇಳಿಯಲು ದಾರಿ ಬಿಡುತ್ತದೆ. ಬಿಸಿನೀರಿನ ಚೀಲವನ್ನು ಮಾತ್ರ ಮರಗಟ್ಟಿದ ಜಾಗದಲ್ಲಿ ಇಡಲೇಬಾರದು, ಸುಟ್ಟರೂ ತಿಳಿಯದು.

ಹಳೆಯ ಹೊಲಿಗೆಯ ವಿಷಯ ಗಂಭೀರ. ಅದು ಬಿಟ್ಟುಕೊಳ್ಳುವ ಸಂಭವ ಸುಮಾರು 200ರಲ್ಲಿ ಒಂದು. ಡೂಲಾ ಇರುವುದರಿಂದ ಅದು ಕಡಿಮೆಯಾಗುವುದಿಲ್ಲ. ಆಪರೇಷನ್ ಥಿಯೇಟರ್, ಅರಿವಳಿಕೆ ತಜ್ಞರು, ರಕ್ತ ಹಗಲೂ ರಾತ್ರಿ ಸಿಗುವ ಆಸ್ಪತ್ರೆಯಲ್ಲೇ ಪ್ರಯತ್ನಿಸಿ, ಮನೆಯಲ್ಲಿ ಬೇಡವೇ ಬೇಡ. ನೋವುಗಳ ನಡುವಿನ ಬಿಡುವಿನಲ್ಲೂ ಹೊಲಿಗೆಯ ಜಾಗದಲ್ಲಿ ಬಿಡದ ನೋವು, ಹೊಸದಾಗಿ ರಕ್ತ, ಬರುತ್ತಿದ್ದ ನೋವು ಥಟ್ಟನೆ ನಿಂತುಹೋಗುವುದು, ಇವು ಕಂಡರೆ ಕೂಡಲೇ ಸಿಸ್ಟರನ್ನು ಕೂಗಿ. ಪಕ್ಕದಲ್ಲೇ ಕೂತವರಿಗೆ ಇದು ಬೇಗ ಗೊತ್ತಾಗುತ್ತದೆ. ಮತ್ತೆ ಸಿಸೇರಿಯನ್ನೇ ಆದರೆ ಸಾಮಾನ್ಯವಾಗಿ ಬೆನ್ನಿಗೆ ಅರಿವಳಿಕೆ ಕೊಡುವುದರಿಂದ ತಾಯಿ ಎಚ್ಚರವಾಗಿರುತ್ತಾಳೆ. ಮೊದಲ ತಾಸಿನಲ್ಲೇ ಮಗುವನ್ನು ಎದೆಗೆ ಹಾಕಿಸಲು ಅಡ್ಡಿಯಿಲ್ಲ. ಹೊಲಿಗೆಗೆ ತಾಗದಂತೆ ಮಗುವನ್ನು ಕಂಕುಳಡಿ ಹಿಡಿದು, ಕಾಲು ಹಿಂದಕ್ಕೆ ಬಿಟ್ಟು ಕುಡಿಸುವುದನ್ನು ಹೇಳಿಕೊಡುವುದು ಡೂಲಾ ಕೆಲಸವೇ.

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್‌ನಲ್ಲಿದ್ದೇವೆ. ಅಮ್ಮನಿಗೆ ವೀಸಾ ಸಿಗಲಿಲ್ಲ. ನನ್ನ ಹೆಂಡತಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಕನ್ನಡ ಬಲ್ಲ ಡೂಲಾ ಹುಡುಕಬೇಕೇ?
— ಡಲ್ಲಾಸ್‌ನ ಓದುಗರು

ಉತ್ತರ: ಸಿಕ್ಕರೆ ಒಳ್ಳೆಯದು, ಆದರೆ ಭಾಷಾಂತರದ ಹೊಣೆಯನ್ನು ಡೂಲಾ ಮೇಲೆ ಹಾಕಬೇಡಿ. ಸರ್ಕಾರಿ ಹಣ ಪಡೆಯುವ ಅಲ್ಲಿನ ಆಸ್ಪತ್ರೆಗಳು ರೋಗಿಗೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕೆಂದು ಕಾನೂನಿದೆ. ಫೋನಿನಲ್ಲೋ ವಿಡಿಯೋದಲ್ಲೋ ಕನ್ನಡದವರು ಬೇಕೆಂದು ಹೆಸರು ನೋಂದಾಯಿಸುವಾಗಲೇ ಬರೆಸಿ. ಹೇಳದಿದ್ದರೆ ಹಿಂದಿಯವರನ್ನು ತಂದು ಕೂರಿಸುವುದೂ ಉಂಟು. ನೋವು ಏರಿದಾಗ ಕಲಿತ ಭಾಷೆ ಮೊದಲು ಕೈಕೊಡುತ್ತದೆ. ‘ತಡೀರಿ’, ‘ಒತ್ತಬೇಡಿ’, ‘ಒತ್ತಿ’, ‘ನೀರು’, ‘ಬೆನ್ನು’ ಇಂಥ ಹತ್ತು ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಡೂಲಾಗೆ ಕೊಟ್ಟಿಡಿ.

ಪ್ರಶ್ನೆ: ನನ್ನ ತಂಗಿಗೆ ಹೆರಿಗೆಯಾಗಿ ಎಂಟು ದಿನ. ಅಜ್ಜಿ ‘ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತೆ’ ಎಂದು ದಿನಕ್ಕೆರಡು ಲೋಟವಷ್ಟೇ ಕೊಡುತ್ತಾರೆ. ಮಗುವಿನ ಕಿವಿಗೆ ಎಣ್ಣೆ ಬಿಡುತ್ತಾರೆ. ಬಾಣಂತನಕ್ಕೂ ಡೂಲಾ ಇರುತ್ತಾರಂತೆ, ಅವರು ಬಂದರೆ ಅಜ್ಜಿಯನ್ನು ಒಪ್ಪಿಸುತ್ತಾರಾ?
— ಹಾಸನದ ಓದುಗರು

ಉತ್ತರ: ಹೊರಗಿನವರು ಬಂದು ಅಜ್ಜಿಯನ್ನು ಒಪ್ಪಿಸುವುದು ಕಷ್ಟ. ಅಜ್ಜಿಯ ಬಾಣಂತನದಲ್ಲಿ ಉಳಿಸಿಕೊಳ್ಳಬೇಕಾದ್ದೂ ಬಹಳವಿದೆ: ನಲವತ್ತು ದಿನದ ವಿಶ್ರಾಂತಿ, ಬಿಸಿ ಊಟ, ಮೈಗೆ ಎಣ್ಣೆ, ಮಗುವನ್ನು ಇನ್ನೊಬ್ಬರು ಎತ್ತಿಕೊಳ್ಳುವುದು. ಪೇಟೆಯಲ್ಲಿ ಬಾಣಂತನದ ಡೂಲಾಗೆ ದುಡ್ಡು ಕೊಟ್ಟು ಪಡೆಯುವುದೂ ಬಹುಪಾಲು ಇದನ್ನೇ.

ನೀರಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ನೀರು ಸಾಲದಿದ್ದರೆ ಮಲಬದ್ಧತೆ, ಹೊಲಿಗೆಯ ಮೇಲೆ ಒತ್ತಡ, ಮೂತ್ರದ ಸೋಂಕು. ಹೆರಿಗೆಯಾದ ಕೆಲವು ವಾರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೇಗೂ ಹೆಚ್ಚು, ನೀರು ಕಡಿಮೆಯಾದರೆ ಅದಕ್ಕೆ ಇನ್ನಷ್ಟು ಇಂಬು. ಹೊಟ್ಟೆ ಮುಂದೆ ಬರುವುದು ಹಿಗ್ಗಿದ ಸ್ನಾಯುವಿನಿಂದ, ನೀರಿನಿಂದಲ್ಲ. ಅಜ್ಜಿಯ ಜತೆ ವಾದಿಸುವ ಬದಲು ಜೀರಿಗೆ ಕುದಿಸಿದ ಬಿಸಿನೀರು, ತೆಳು ಸಾರು, ಹಾಲು ಕೊಡಲು ಕೇಳಿ; ‘ತಣ್ಣೀರು’ ಅಲ್ಲವಾದ್ದರಿಂದ ಒಪ್ಪುತ್ತಾರೆ. ಮಗು ಹಾಲು ಕುಡಿಯುವ ಪ್ರತಿ ಸಲವೂ ತಾಯಿಗೆ ಒಂದು ಲೋಟ ಎಂದಿಟ್ಟುಕೊಂಡರೆ ಲೆಕ್ಕ ತಪ್ಪದು. ಮೂತ್ರ ತಿಳಿ ಹಳದಿಯಿದ್ದರೆ ಸಾಕಷ್ಟು ಹೋಗಿದೆ ಎಂದೇ. ಮಗುವಿನ ಕಿವಿ, ಮೂಗು, ಹೊಕ್ಕುಳಿಗೆ ಎಣ್ಣೆ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ. ಕೆಂಡದ ಮೇಲಿನ ಸಾಂಬ್ರಾಣಿ ಹೊಗೆಯೂ ಮುಚ್ಚಿದ ಕೋಣೆಯಲ್ಲಿ ಬೇಡ. ಆರು ತಿಂಗಳ ತನಕ ಎದೆಹಾಲು ಬಿಟ್ಟು ನೀರು, ಜೇನು, ಬಜೆ ಏನೂ ಬೇಡ.

ಒಂದು ತಾಸಿಗೆ ಒಂದು ಪ್ಯಾಡ್ ಪೂರ್ತಿ ತೋಯ್ದರೆ, ಜ್ವರ, ನಾತದ ಸ್ರಾವ, ಒಂದೇ ಕಾಲು ಊದಿ ನೋವು, ಬಿಡದ ತಲೆನೋವು ಬಂದರೆ ಆಸ್ಪತ್ರೆಗೆ ಹೋಗಿ. ಮೊದಲ ಎರಡು ವಾರ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿಯೂ ಅಳು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವನ್ನು ಕಂಡರೆ ಭಯವಾದರೆ, ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಆಗ ತಂಗಿಯನ್ನು ಒಂಟಿಯಾಗಿ ಬಿಡದೆ ಡಾಕ್ಟರ ಬಳಿ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು.